ರುಚಿ ನೋಡದ ಅಡುಗೆಮನೆ

ಬೆಂಗಳೂರಿನಿಂದ ವಾಪಸ್ಸು ಬಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿ, ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಗೊಜ್ಜು ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಬಾಯಿ ತಾನಾಗಿ ಬಿಗಿದುಕೊಂಡಿತು. ನುಂಗಲಾರೆ, ಮಾಲೀಕರ ಎದುರಿಗೆ ಉಗುಳಲಾರೆ. ಸೆರಗಿನ ಅಂಚನ್ನು ತುಟಿಗೊತ್ತಿಕೊಂಡು ನಿಂತೆ. ಪುಳಿಯೋಗರೆ ಗೊಜ್ಜಿನಲ್ಲಿ ಹುಳಿ ಸಿಗಲಿಲ್ಲ, ಬೆಲ್ಲ ಸಿಗಲಿಲ್ಲ, ಎಳ್ಳು ಸಿಗಲಿಲ್ಲ. ಉಪ್ಪೊಂದೇ ಇತ್ತು.

"ಹೇಗಿದೆ ಮೇಡಮ್?" ಅಂದರು ಮಾಲೀಕರು.

ನಾನು ನೀರಿನ ಲೋಟ ಹುಡುಕಿದೆ.

"ಹೇಳೋದೇ ಬೇಡ ಬಿಡಿ. ನಿಮ್ಮ ಮುಖಾನೇ ಹೇಳ್ತಾ ಇದೆ."

ಮಂಡಕಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ ಆ ಗೊಜ್ಜು ತಯಾರಾಗುತ್ತಿತ್ತು. ನಾನು ಅಲ್ಲಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಬಾಟಲಿಯ ಲೇಬಲ್ಲಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದಕ್ಕೆ ಕಾನ್ವೆಂಟಿನಲ್ಲಿ ಓದಿದ ಯಾರಾದರೂ ಬೇಕು ಅಂತ ಮಾಲೀಕರು ನನ್ನ ಯಜಮಾನರ ಹತ್ತಿರ ಹೇಳಿದ್ದರು. ಯಾದವಗಿರಿಯ ಮನೆಯಲ್ಲಿ ಮಧ್ಯಾಹ್ನಗಳನ್ನು ಕಳೆಯುವುದೇ ಕಷ್ಟವಾಗಿದ್ದ ನಾನು ಹೂಂ ಅಂದೆ. ಲೇಬಲ್ಲು ಮುಗಿದ ಮೇಲೆ, "ಸುಮ್ಮನೆ ಎಲ್ಲಾ ಒಂದು ಕಣ್ಣಿಟ್ಟು ನೋಡ್ಕೊಳ್ಳಿ ಮೇಡಮ್" ಅಂದರು. ಹಾಗೆ ನೋಡಿಕೊಳ್ಳುವವಳಾದೆ. ಏನನ್ನು ನೋಡಿಕೊಳ್ಳಬೇಕು ಅನ್ನುವುದು ಆ ಬಾಟಲಿ ಬರುವ ತನಕ ನನಗೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಅಂಗಡಿಗಳ ಸಾಲನ್ನೇ ಇಟ್ಟುಕೊಂಡಿದ್ದ ಒಂದು ಕಂಪನಿಯವರು ಪರೀಕ್ಷೆಗೆಂದು ಗೊಜ್ಜು ತರಿಸಿಕೊಂಡಿದ್ದರು. ಅವರ ಷರತ್ತು ಒಂದೇ. ಮೂರು ಸಲ ಮಾಡಿದ ಗೊಜ್ಜು ಮೂರೂ ಒಂದೇ ಥರ ಇರಬೇಕು. ಇದ್ದರೆ ವರ್ಷವಿಡೀ ಆರ್ಡರು, ಇಲ್ಲದಿದ್ದರೆ ನಮಸ್ಕಾರ. ಮೊದಲನೆಯದೇ ಹೀಗೆ ವಾಪಸ್ಸಾಗಿತ್ತು. ಇನ್ನೊಂದು ಅವಕಾಶ ಕೊಡಿ ಅಂತ ಮಾಲೀಕರು ಫೋನಿನಲ್ಲಿ ಅಂಗಲಾಚಿದ್ದನ್ನು ನಾನೇ ಕೇಳಿದ್ದೆ. ಮೂರನ್ನೂ ಮೊದಲಿನಿಂದ ಮಾಡಿ ಕಳಿಸಿ ಅಂತ ಅವರು ಒಪ್ಪಿದ್ದರು.

ಒಳಗೆ ಹೋಗಿ, ಒಲೆಯ ಹತ್ತಿರ ಇದ್ದವರನ್ನು ಮೆಲ್ಲಗೆ ಕೇಳಿದೆ. "ಬಾಟಲಿಗೆ ತುಂಬೋ ಮುಂಚೆ ರುಚಿ ನೋಡಿದ್ದು ಯಾರು?"

 ಮೆಣಸಿನಕಾಯಿ, ಎಳ್ಳು, ಮೆಂತ್ಯ ಹುರಿಯುವ ಹೆಂಗಸು ನಕ್ಕುಬಿಟ್ಟಳು. ಬಾಯಿ ಜೋರಿನವಳು. "ರುಚಿ ನೋಡೋದಾ? ದೇವ್ರಿಗೆ ಮಡಗೋ ಮುಂಚೆ ಯಾರಾರ ಎಂಜಲ್ ಮಾಡ್ತಾರಾ ಮೇಡಮ್?"

ನನ್ನ ಅತ್ತೆಯ ಅಡುಗೆಮನೆಯಲ್ಲೂ ಇದೇ ಕಟ್ಟಳೆಯಿತ್ತು. ನೈವೇದ್ಯವಾಗುವ ತನಕ ಒಂದು ಹನಿ ಸಾರೂ ನಾಲಿಗೆಗೆ ಸೋಕಬಾರದು. ಅಲ್ಲಿ ಐದು ಜನದ ಸಾರು. ಉಪ್ಪು ಹೆಚ್ಚಾದರೆ ಎಲೆಯ ಮುಂದೆ ಕೂತವರು ಹುಬ್ಬು ಏರಿಸುತ್ತಿದ್ದರು, ಅಷ್ಟೇ. ಇಲ್ಲಿ ಒಂದು ಕೊಪ್ಪರಿಗೆಯ ಗೊಜ್ಜು ನೂರಾರು ಮನೆಗಳಿಗೆ ಹೋಗುತ್ತದೆ. ಬಾಗಿಲ ಮೇಲಿನ ದೇವರ ಪಟಕ್ಕೆ ದಿನವೂ ಒಂದು ಬಟ್ಟಲು ತೋರಿಸುತ್ತಿದ್ದರು, ನಿಜ. ಆದರೆ ಗೊಜ್ಜನ್ನು ಬಿಸಿ ಇರುವಾಗಲೇ ಬಾಟಲಿಗೆ ತುಂಬಬೇಕು, ತಣ್ಣಗಾದರೆ ಕೆಡುತ್ತದೆ. ಹಾಗಾಗಿ ದೇವರ ಮುಂದೆ ಬಟ್ಟಲು ಇಡುವ ಹೊತ್ತಿಗೆ ಈಚೆ ಮುಚ್ಚಳಗಳು ಬೀಳುತ್ತಿದ್ದವು. ಇಷ್ಟು ಕಾಲ, ಇಷ್ಟು ಬಾಟಲಿ, ಯಾರ ನಾಲಿಗೆಯನ್ನೂ ದಾಟದೆ ಹೊರಗೆ ಹೋಗಿದ್ದವು.  ಹುಣಸೆಹಣ್ಣಿನ ಮೂಟೆಯ ಮೇಲೆ ಕೂತುಬಿಟ್ಟೆ.

"ಉಪ್ಪು ನಾನೇ ಆಕಿದ್ದು," ಅಂದರು ದೊಡ್ಡಮ್ಮ. "ಯಾವಾಗ್ಲೂ ಆಕೋ ಅಷ್ಟೇ. ನಾಕ್ ಪಾವು. ಒಂದ್ ಕಾಳೂ ಎಚ್ಚಿಲ್ಲ, ಕಮ್ಮಿ ಇಲ್ಲ ಕಣಮ್ಮ."

ದೊಡ್ಡಮ್ಮ ಅಲ್ಲಿನ ಮುಖ್ಯ ಅಡುಗೆಯವರು. ಎಲ್ಲರೂ ಕರೆಯುವುದು ಹಾಗೇ. ಅರವತ್ತಕ್ಕೆ ಹತ್ತಿರ. ಲಷ್ಕರ್ ಮೊಹಲ್ಲಾದ ಒಂದು ವಠಾರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ತಲೆಗೆ ಹಾಕಿಕೊಳ್ಳಬೇಕಾದ ಪ್ಲಾಸ್ಟಿಕ್ ಟೋಪಿಯೊಳಗೆ ಮೊಳ ಮಲ್ಲಿಗೆ, ಮೊಣಕೈ ತನಕ ಏರಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿದ ಗಾಜಿನ ಬಳೆಗಳು. ಮದುವೆ ಮನೆಗಳ ಅಡುಗೆ ಚಪ್ಪರದಲ್ಲಿ ಅರ್ಧ ಆಯುಸ್ಸು ಕಳೆದವರು. ಆ ಗೊಜ್ಜೇ ಅವರದ್ದು. ಅವರ ಕೈಯಿಂದಾಗಿಯೇ ಆ ಶೆಡ್ಡು ಶುರುವಾಗಿತ್ತು. ಗಂಡ ತೀರಿಕೊಂಡ ಮಗಳು, ಮೊಮ್ಮಗಳು, ಎಲ್ಲರೂ ಅದೇ ಕೈಯನ್ನು ನಂಬಿಕೊಂಡಿದ್ದರು.

ನಾನು ಉಪ್ಪಿನ ಚೀಲದ ಹತ್ತಿರ ಹೋದೆ. ಬಿಳುಪು ಬೇರೆಯಾಗಿತ್ತು. ಹಿಂದೆ ನಾನು ನೋಡಿದ್ದದ್ದು ಬೂದು ಬಣ್ಣಕ್ಕೆ ತಿರುಗಿದ ಹರಳು ಹರಳು ಕಲ್ಲುಪ್ಪು. ಇದು ಮೈದಾಹಿಟ್ಟಿನಂಥ ಪುಡಿ. ಅಂಗಡಿಯವನ ಹತ್ತಿರ ಕಲ್ಲುಪ್ಪು ಮುಗಿದಿತ್ತಂತೆ, ಇದನ್ನು ಕಳಿಸಿದ್ದ. ಹಳೆಯ ಚೀಲದ ತಳದಲ್ಲಿ ಉಳಿದಿದ್ದ ಹರಳನ್ನು ದೊಡ್ಡಮ್ಮನ ಹಿತ್ತಾಳೆ ಪಾವಿಗೆ ತುಂಬಿ ತೂಗಿದೆ. ಅದೇ ಪಾವಿಗೆ ಪುಡಿಯುಪ್ಪನ್ನು ತುಂಬಿ, ಅವರು ಒತ್ತುವ ಹಾಗೇ ಅಂಗೈಯಿಂದ ಒತ್ತಿ ತೂಗಿದೆ. ಪುಡಿ ಹರಳಿನ ಒಂದೂವರೆಯಷ್ಟು ತೂಗಿತು. ಹರಳಿನ ನಡುವೆ ಗಾಳಿಯಿರುತ್ತದೆ, ಪುಡಿಯಲ್ಲಿ ಇರುವುದಿಲ್ಲ. ಅಳತೆ ಒಂದೇ, ಉಪ್ಪು ಬೇರೆ.

ದೊಡ್ಡಮ್ಮ ತಕ್ಕಡಿಯ ಕೆಂಪು ಅಂಕಿಗಳನ್ನು ನೋಡಿದರು, ಪಾವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಪಾವು ಪಾವೇ ಅಲ್ವೇನಮ್ಮ?" ಅಂದರು.  ನಾನೂ ಮನೆಯಲ್ಲಿ ಅಕ್ಕಿಗೂ ರವೆಗೂ ಒಂದೇ ಲೋಟ ಹಿಡಿದವಳು.

ಮಾಲೀಕರು ಅಂದೇ ನಿಯಮ ಮಾಡಿದರು. "ಇನ್ನು ಮುಂದೆ ಮುಖ್ಯ ಅಡುಗೆಯವರು ರುಚಿ ನೋಡಿ ಸರಿ ಅಂದ ಮೇಲೇನೇ ಬಾಟಲಿ. ದೊಡ್ಡಮ್ಮಂಗೆ ಆಗಲ್ಲ ಅಂದ್ರೆ ಹುಣಸೆ ಬೀಜ ಬಿಡಿಸೋ ಕಡೆ ಕೂತ್ಕೊಳ್ಳಲಿ. ಬೇರೆ ಯಾರನ್ನಾದ್ರೂ ಒಲೆಗೆ ತರ್ತೀನಿ. ನಾನೇನ್ ಮಾಡ್ಲಿ ಹೇಳಿ ಮೇಡಮ್, ನಂಗೂ ಬ್ಯಾಂಕಿದೆ."

"ದೇವ್ರಿಗೆ ಮಡಗ್ದೆ ನಾನ್ ನಾಲ್ಗೆಗೆ ಇಕ್ಕಾಕಿಲ್ಲ," ಅಂದರು ದೊಡ್ಡಮ್ಮ. ದನಿ ಗಟ್ಟಿಯಾಗಿತ್ತು. 

ನಾನು ಉಪಾಯ ಹೇಳಿದೆ. ಗೊಜ್ಜು ಮುಗಿಯುತ್ತಿದ್ದ ಹಾಗೆ ಉರಿ ಸಣ್ಣಗೆ ಮಾಡಿ, ಮೊದಲ ಬಟ್ಟಲನ್ನು ದೇವರಿಗೆ ತೋರಿಸಿಬಿಡೋಣ. ಆಮೇಲೆ ಅದೇ ಬಟ್ಟಲಿನಿಂದ ರುಚಿ. ಆಮೇಲೆ ಬಾಟಲಿ. ಕೊಪ್ಪರಿಗೆ ಬಿಸಿಯಾಗಿಯೇ ಇರುತ್ತದೆ, ಪದ್ಧತಿಯೂ ಉಳಿಯುತ್ತದೆ. ಮಾಲೀಕರು "ವಾ!" ಅಂದರು. ದೊಡ್ಡಮ್ಮನ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ದೊಡ್ಡ ಕುತ್ತಿನಿಂದ ಪಾರಾದವರಿಗೆ ಹಾಗಾಗುವುದುಂಟು ಅಂದುಕೊಂಡೆ. ಸಂಜೆ ಮನೆಗೆ ಹೋಗಿ ಯಜಮಾನರಿಗೆ ಹೆಮ್ಮೆಯಿಂದ ಹೇಳಿಯೂ ಬಿಟ್ಟೆ.

ಕೆಲವು ದಿನ ಎಲ್ಲಾ ಸುಸೂತ್ರ. ದೊಡ್ಡಮ್ಮ ಬಟ್ಟಲು ತೋರಿಸುವರು, ಕಣ್ಣಿಗೊತ್ತಿಕೊಳ್ಳುವರು, ಬೆರಳ ತುದಿಯಿಂದ ನೆಕ್ಕಿ "ಸರಿಗೈತೆ" ಅನ್ನುವರು. ಪಕ್ಕದ ಒಲೆಯಲ್ಲಿ ಹುರಿಯುವವಳು ಮಧ್ಯೆ ಮಧ್ಯೆ ಕೆಮ್ಮುತ್ತಿದ್ದಳು. ಮೆಣಸಿನಕಾಯಿಯ ಘಾಟು ಪಾಪ ಅಂತ ನಾನು ಅವಳಿಗೆ ಶುಂಠಿ ಪೆಪ್ಪರಮಿಂಟು ತಂದುಕೊಡುತ್ತಿದ್ದೆ. ಡಾಕ್ಟರಿಗೆ ತೋರಿಸು ಅಂತಲೂ ಹೇಳಿದೆ. "ಆಯ್ತು ಮೇಡಮ್, ತೋರಿಸ್ತೀನಿ" ಅಂತ ತಲೆ ತಗ್ಗಿಸಿ ನಗುತ್ತಿದ್ದಳು.

ಅವಳು ನಂಜನಗೂಡಿಗೆ ನೆಂಟರ ನಿಶ್ಚಿತಾರ್ಥಕ್ಕೆ ಹೋದ ದಿನ ಆ ಘಟನೆ ನಡೆಯಿತು. ನಾನು ಮುಂದಿನ ಕೋಣೆಯಲ್ಲಿ ಲೇಬಲ್ಲುಗಳನ್ನು ನೋಡುತ್ತಿದ್ದೆ. ವಾಸನೆ ಬಂತು. ಬೆಲ್ಲ ತಳ ಹಿಡಿದು ಕರಕಲಾಗುವ ಕಹಿ ವಾಸನೆ, ಗಂಟಲಿಗೇ ನೇರ ಬಂದು ಕೂರುವಂಥದ್ದು. ಓಡಿದೆ. ಒಳಗೆ ದೊಡ್ಡಮ್ಮ ಕೊಪ್ಪರಿಗೆಯ ಮುಂದೆಯೇ ನಿಂತಿದ್ದರು. ಅಂಚಿನಿಂದ ನೀಲಿ ಹೊಗೆ ಏಳುತ್ತಿತ್ತು. ಆವಿಯ ಜೊತೆ ಬೆರೆತು ಅದು ಅವರ ಮುಖದ ಮೇಲೆಯೇ ಹೋಗುತ್ತಿತ್ತು. ಅವರು ನಿಧಾನವಾಗಿ ಸೌಟು ಆಡಿಸುತ್ತಿದ್ದರು. ನನ್ನನ್ನು ನೋಡಿ ಮುಗುಳ್ನಕ್ಕರು.

"ಇನ್ನೊಂದ್ ಚಣ ಬೇಯ್ಲಿ ಕಣಮ್ಮ. ಎಣ್ಣೆ ಬುಡ್ತಾ ಐತೆ."

ನಾನು ಗ್ಯಾಸು ಆರಿಸಿದೆ.  ಗೊಜ್ಜು ಮುಗಿಯಿತು ಅಂತಲೇ ನಾನು ಆರಿಸಿದೆ ಅಂತ ಅವರು ತಿಳಿದುಕೊಂಡರು. ಬಟ್ಟಲಿಗೆ ಹಾಕಿದರು, ದೇವರಿಗೆ ತೋರಿಸಿದರು, ಬೆರಳಿನಿಂದ ನೆಕ್ಕಿದರು. "ಚೆನ್ನಾಗೈತೆ," ಅಂದರು. "ಇವತ್ ಭಾರಿ ಚೆನ್ನಾಗೈತೆ."

ನಾನೂ ಬಾಯಿಗಿಟ್ಟುಕೊಂಡೆ. ಸುಟ್ಟ ಇದ್ದಿಲು. ನನ್ನ ಕಣ್ಣಲ್ಲಿ ನೀರು ಬಂತು, ಕಹಿಗೋ ಗಾಬರಿಗೋ ಗೊತ್ತಿಲ್ಲ. ಆಗ ಅವರಿಗೆ ಅರ್ಥವಾಯಿತು. ಸೌಟನ್ನು ತಟ್ಟೆಯ ಮೇಲೆ ಸದ್ದಿಲ್ಲದೆ ಇಟ್ಟು, ಟೋಪಿ ತೆಗೆದು, ಹಿತ್ತಲಿನ ನಲ್ಲಿಯ ಕಡೆ ನಡೆದರು. ನಾನು ಹಿಂದೆಯೇ ಹೋದೆ.

"ಎಷ್ಟು ದಿನದಿಂದ?" ಅಂದೆ.

"ಕೊರೊನಾ ಬಂದಿತ್ತಲ್ಲಮ್ಮ, ಆಗ್ಲಿಂದ." ನಲ್ಲಿಯ ಕಟ್ಟೆಯ ಮೇಲೆ ಕೂತು ಪಾದಗಳನ್ನೇ ನೋಡುತ್ತಿದ್ದರು. "ಎಲ್ರಿಗೂ ಓದಂಗೆ ಓಯ್ತು. ಎಲ್ರಿಗೂ ವಾಪಸ್ ಬಂತು. ನಂಗ್ ಬರ್ಲಿಲ್ಲ. ಮೂಗೂ ಇಲ್ಲ, ನಾಲ್ಗೇನೂ ಇಲ್ಲ. ಖಾರ ಆದ್ರೆ ಉರಿ ಗೊತ್ತಾಯ್ತದೆ. ಮಿಕ್ಕಿದ್ದೆಲ್ಲ ಬೂದಿ ತಿಂದಂಗೆ. ದೊಡ್ಡಾಸ್ಪತ್ರೇಲಿ ತೋರಿಸ್ದೆ. ಬಂದ್ರೂ ಬರ್ಬೋದು ಅಂದ್ರು."

ಮೇಲೆ ವಿಮಾನವೊಂದು ತಗಡಿನ ಮಾಡನ್ನು ನಡುಗಿಸಿಕೊಂಡು ಹೋಯಿತು. 

"ಮತ್ತೆ ಇಷ್ಟು ವರ್ಷ ಹೇಗೆ ಮಾಡಿದ್ರಿ?"

"ಸಾಸಿವೆ ಸದ್ದು ಕೇಳ್ತದಲ್ಲ. ಎಣ್ಣೆ ಗುಳ್ಳೆ ಕಾಣ್ತದಲ್ಲ. ಪಾವು ಇತ್ತಲ್ಲ." ಸ್ವಲ್ಪ ತಡೆದು ಅಂದರು, "ಮಾಲೀಕ್ರಿಗ್ ಯೋಳ್ಬೇಡಿ ಕಣಮ್ಮ. ಮೂಗಿಲ್ದ ಅಡುಗೆಯೋಳ್ನ ಯಾರು ಮಡೀಕತಾರೆ?"

ಕರಕಲು ಗೊಜ್ಜನ್ನು ಮಾಲೀಕರು ಬರುವ ಮುಂಚೆಯೇ ಚೆಲ್ಲಿಸಿದೆ. ಮಾರನೆಯ ದಿನ ಹುರಿಯುವವಳು ಬಂದಾಗ ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವಳು ಸ್ವಲ್ಪವೂ ಬೆಚ್ಚಲಿಲ್ಲ.

"ಗೊತ್ತಿತ್ತು ಮೇಡಮ್. ಎಲ್ರಿಗೂ ಗೊತ್ತಿತ್ತು. ನಿಮಗೂ ಮಾಲೀಕ್ರಿಗೂ ಬುಟ್ಟು."

"ಅಂದ್ರೆ?"

"ಮತ್ತೆ ನಾನ್ ಯಾಕ್ ಕೆಮ್ತಿದ್ದೆ ಅಂದ್ಕೊಂಡ್ರಿ? ಗಮ್ ಅಂದ್ರೆ ಒಂದ್ ಕೆಮ್ಮು, ಸೀಯೋ ಅಂಗಿದ್ರೆ ಎರಡು. ನಿಮ್ ಪೆಪ್ಪರಮಿಂಟು ತಿಂದೂ ತಿಂದೂ ನಂಗೆ ಕೆಮ್ಮೋದೇ ಕಷ್ಟ ಆಗೋಯ್ತು ಕಣ್ರೀ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಣ್ಣ ಸಣ್ಣ ವಿಷಯಗಳನ್ನು ಗಮನಿಸುವವಳು ಅಂತ ನನಗೆ ನನ್ನ ಬಗ್ಗೆ ಒಂದು ಅಭಿಪ್ರಾಯವಿತ್ತು. ಕೆಮ್ಮನ್ನು ಎಣಿಸುವಷ್ಟು ಹತ್ತಿರ ಕೂತಿದ್ದೆ. ಇಡೀ ಅಡುಗೆಮನೆ ಒಬ್ಬರನ್ನು ಎತ್ತಿ ಹಿಡಿದಿತ್ತು, ನನ್ನ ಕಣ್ಣೆದುರಿಗೇ. ಅದರ ಮೇಲೆ ನಾನು ತಂದ ಉಪಾಯ ಅವರನ್ನು ದಿನಾ ದೇವರ ಮುಂದೆ ನಿಲ್ಲಿಸಿ ಸುಳ್ಳು ಹೇಳಿಸುತ್ತಿತ್ತು. 

ಆ ಭಾನುವಾರ ಮನೆಯಲ್ಲಿ ಯಾವ ಕೆಲಸಕ್ಕೂ ಮನಸ್ಸು ನಿಲ್ಲಲಿಲ್ಲ. ಮಾಲೀಕರಿಗೆ ಹೇಳಿದರೆ ದೊಡ್ಡಮ್ಮ ಹುಣಸೆ ಬೀಜದ ಕಡೆ. ಹೇಳದಿದ್ದರೆ ಮತ್ತೊಂದು ದಿನ, ಮತ್ತೊಂದು ಕರಕಲು, ಅಥವಾ ಅದಕ್ಕಿಂತ ಕೆಟ್ಟದ್ದು. ಕೆಟ್ಟುಹೋದ ಎಣ್ಣೆಯ ವಾಸನೆಯೂ ಅವರಿಗೆ ಬರುವುದಿಲ್ಲವಲ್ಲ. ಹುಣಸೆ ನೆನೆಹಾಕುತ್ತಾ ಕೂತವಳಿಗೆ ಥಟ್ಟನೆ ಹೊಳೆಯಿತು. ಕಾನ್ವೆಂಟಿನಲ್ಲಿ ಗೃಹವಿಜ್ಞಾನದ ಸಿಸ್ಟರು ನಮಗೆ ಕೇಕಿನ ಹಿಟ್ಟಿಗೆ ಮೂಗೇ ಹಾಕಲು ಬಿಡುತ್ತಿರಲಿಲ್ಲ. ಕಪ್ಪಿನ ಮೇಲೆ ಚಾಕುವಿನ ಬೆನ್ನು ಎಳೆದು ಮಟ್ಟ ಮಾಡು, ಗಡಿಯಾರ ನೋಡು, ಒಲೆಯ ಬಿಸಿ ನೋಡು, ಅಷ್ಟೇ. ರುಚಿ ನೋಡುವ ಪ್ರಶ್ನೆಯೇ ಇರಲಿಲ್ಲ. ಆದರೂ ಪ್ರತಿ ಸಲ ಕೇಕು ಕೇಕಾಗಿಯೇ ಬರುತ್ತಿತ್ತು.

ಸೋಮವಾರ ದೊಡ್ಡಮ್ಮನಿಗೆ ಹೇಳಿದೆ. "ಇನ್ನು ಮೇಲೆ ನೀವು 'ಸರಿಗೈತೆ' ಅನ್ನಬಾರದು. ರುಚಿ ನಾನು ಮತ್ತು ಹುರಿಯುವವಳು ನೋಡ್ತೀವಿ. ಒಲೆ ನಿಮ್ಮದೇ. ಆದ್ರೆ ಪಾವು ಬಿಟ್ಟು ತೂಕ ಕಲೀಬೇಕು. ಎಲ್ಲಾ ತೂಕದಲ್ಲೇ. ಮಾಲೀಕರಿಗೆ ನೀವೇ ಹೇಳಬೇಕು, ನಾನು ಹೇಳಲ್ಲ."

"ಈಗ ಇಸ್ಕೂಲಾ?" ಅಂದರು. "ನಾಕ್ನೇ ಕ್ಲಾಸಿಗೇ ಸ್ಲೇಟ್ ಒಡ್ದಾಕಿ ಬಂದೋಳು ನಾನು."

"ನನಗೂ ಗೊತ್ತಿಲ್ಲ ದೊಡ್ಡಮ್ಮ. ಇಬ್ಬರೂ ಕಲಿಯೋಣ."

ಅದು ಸೌಜನ್ಯದ ಮಾತಲ್ಲ ಅನ್ನುವುದು ಅದೇ ವಾರ ಸಾಬೀತಾಯಿತು. ನಾನು ಮನೆಯಲ್ಲಿ ಸಣ್ಣ ಪಾತ್ರೆಯಲ್ಲಿ ಪ್ರತಿಯೊಂದನ್ನೂ ತೂಗಿ ಗೊಜ್ಜು ಮಾಡಿದೆ. ಚೆನ್ನಾಗಿ ಬಂತು. ಎಲ್ಲವನ್ನೂ ಕೊಪ್ಪರಿಗೆಯ ಲೆಕ್ಕಕ್ಕೆ ಗುಣಿಸಿದೆ, ಎರಡು ಸಲ ಪರಿಶೀಲಿಸಿದೆ. ಶೆಡ್ಡಿನಲ್ಲಿ ಮಾಡಿದಾಗ ಅದು ಗೊಜ್ಜಾಗಲೇ ಇಲ್ಲ. ತೆಳ್ಳಗಿನ ಹುಳಿ ಸಾರು. ನನ್ನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತು ನಂಬಲಾಗದೆ ಮತ್ತೆ ಮತ್ತೆ ಲೆಕ್ಕ ಮಾಡಿದೆ. ಹುರಿಯುವವಳು ಇಣುಕಿ ನೋಡಿ, "ಮೇಡಮ್, ಅನ್ನ ತರ್ಲಾ, ಕಲಸ್ಕೊಂಡ್ ಕುಡ್ಯಣಾ?" ಅಂದಳು.

ಮೊಬೈಲಿನಲ್ಲಿ ಆಹಾರ ತಯಾರಿಕೆಯ ಒಂದು ತರಗತಿಗೆ ಸೇರಿಕೊಂಡೆ. ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ತೊಗರಿಬೇಳೆ ಡಬ್ಬಿಗೆ ಫೋನು ಒರಗಿಸಿಟ್ಟು ಕೂರುತ್ತಿದ್ದೆ. ಪಾಠ ಹೇಳುವ ಹುಡುಗಿಗೆ ನನ್ನ ಮಗಳ ವಯಸ್ಸು. "ಆಂಟಿ, ಮ್ಯೂಟ್ ತೆಗೀರಿ. ತೆಗೀರಿ ಆಂಟಿ. ಈಗ ಕೇಳ್ತಿದೆ." ನನ್ನ ಹುಳಿ ಸಾರಿನ ಕಥೆ ಕೇಳಿ ಅವಳು ಹೇಳಿದಳು: ಅಗಲದ ಪಾತ್ರೆಯಲ್ಲಿ ನೀರು ಬೇಗ ಆರುತ್ತೆ, ಆಳದ ಕೊಪ್ಪರಿಗೆಯಲ್ಲಿ ಆರಲ್ಲ. ಹಾಕಿದ ನೀರನ್ನು ಅಳೆಯೋದಲ್ಲ, ಕೊನೆಗೆ ಉಳಿದದ್ದನ್ನು ಅಳೀಬೇಕು. ಅದಕ್ಕೆ ಒಂದು ಪುಟ್ಟ ಕೊಳವೆಯಿದೆ. ಪುಡಿ ಹಾಕುವ ಮುಂಚೆ ಹುಣಸೆ ಬೆಲ್ಲದ ರಸವನ್ನು ಒಂದು ಹನಿ ಅದರ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ನೀಲಿ ಗೆರೆಯೊಂದು ಅದರ ಗಟ್ಟಿತನವನ್ನು ಅಂಕಿಯಲ್ಲಿ ತೋರಿಸುತ್ತದೆ. ಅಡುಗೆ ಮಾಡುವವರೂ ರುಚಿಯ ತೀರ್ಪು ಕೊಡುವವರೂ ಬೇರೆ ಬೇರೆ ಇರುವುದೇ ಒಳ್ಳೆಯದು ಅಂತಲೂ ಹೇಳಿದಳು. ಮಾಲೀಕರಿಗೆ ಅದನ್ನೇ ಹೇಳಿ ಒಪ್ಪಿಸಿದೆ. ಗೊಣಗುತ್ತಲೇ ಕೊಳವೆಯನ್ನೂ ಥರ್ಮಾಮೀಟರನ್ನೂ ತರಿಸಿದರು.

ದೊಡ್ಡಮ್ಮನಿಗೆ ಆ ಕೊಳವೆ ಮೊದಲ ನೋಟಕ್ಕೇ ಇಷ್ಟವಾಯಿತು. "ದುರ್ಬೀನು" ಅಂತ ಹೆಸರಿಟ್ಟರು. ಒಂದು ಕಣ್ಣು ಮುಚ್ಚಿ ಕಿಟಕಿಯ ಕಡೆ ಹಿಡಿದು, "ಗೆರೆ ಇನ್ನೂ ಕೆಳಗೈತೆ, ಬೇಯ್ಲಿ" ಅನ್ನುವರು. ಮುಖದಲ್ಲಿ ಏನೋ ಕಳೆ.

ಕಷ್ಟವಾದದ್ದು ತಕ್ಕಡಿಯ ಚುಕ್ಕೆ. ಬೆಲ್ಲ ಒಂದೂವರೆ ಕಿಲೋ ಅನ್ನುವುದಕ್ಕೆ ನಾನು ಒಲೆಯ ಹತ್ತಿರದ ಹಲಗೆಯ ಮೇಲೆ 1.5 ಅಂತ ಬರೆದಿದ್ದೆ. ತಕ್ಕಡಿ 1.050 ತೋರಿಸಿದಾಗ ಅವರು ನಿಲ್ಲಿಸಿ ಹಾಕಿಬಿಟ್ಟರು. ಆ ಗೊಜ್ಜು ಬಾಯಿಗಿಟ್ಟಾಗ ಹಲ್ಲು ಜುಮ್ಮೆಂದಿತು.

"ಇದೇನು ದೊಡ್ಡಮ್ಮ?"

"ನೀವ್ ಬರ್ದಿರೋದು ಒಂದು, ಚುಕ್ಕೆ, ಐದು. ಅಲ್ಲೂ ಒಂದು, ಚುಕ್ಕೆ, ಐದು. ನಡ್ವೆ ಸೊನ್ನೆ ಇತ್ತು. ಸೊನ್ನೆ ತಾನೆ, ಅದಕ್ಕೇನ್ ಬೆಲೆ ಅಂತ ಬುಟ್ಟಾಕ್ದೆ."

ಒಂದು ಸೊನ್ನೆಗೆ ಅರ್ಧ ಕಿಲೋದಷ್ಟು ಬೆಲ್ಲ ಹೋಗಿತ್ತು. ಆ ದಿನ ಮಾಡಿದ್ದು ಕಂಪನಿಗೆ ಕಳಿಸಬೇಕಾಗಿದ್ದ ಗೊಜ್ಜಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚುಕ್ಕೆಯೇ ಬೇಡ, ತಕ್ಕಡಿಯನ್ನೂ ಗ್ರಾಮಿಗೆ ಬದಲಾಯಿಸಿ ಎಲ್ಲವನ್ನೂ ಗ್ರಾಮಿನಲ್ಲೇ ಬರೆದುಬಿಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ.

"ನಾಳೆ ಮಾಲೀಕ್ರು ಬೇರೆ ಮಿಷನ್ ತಂದ್ರೆ ಆಗೇನ್ ಮಾಡ್ಲಿ? ಚುಕ್ಕೆ ಕಲಿಸ್ಬುಡಿ."

ನೂರು ಗ್ರಾಮಿನ ಕಾಫಿಪುಡಿ ಪೊಟ್ಟಣಗಳನ್ನು ತಂದೆ. ಊಟದ ಬಿಡುವಿನಲ್ಲಿ ಒಂದೊಂದಾಗಿ ತಕ್ಕಡಿಯ ಮೇಲೆ ಇಡಿಸಿದೆ. ಒಂದು ಪೊಟ್ಟಣಕ್ಕೆ ಚುಕ್ಕೆಯ ಪಕ್ಕದ ಮನೆಯಲ್ಲಿ ಒಂದು. ಐದು ಪೊಟ್ಟಣಕ್ಕೆ ಐದು. ಆಮೇಲೆ ಪೊಟ್ಟಣ ತೆಗೆದು ಸ್ವಲ್ಪ ಎಳ್ಳು ಸುರಿಸಿದೆ. ಚುಕ್ಕೆಯ ಪಕ್ಕದ ಮನೆ ಸೊನ್ನೆಯೇ ಉಳಿದು ಅದರಾಚೆಯ ಮನೆಯಲ್ಲಿ ಅಂಕಿ ಏಳತೊಡಗಿತು. ಅವರು ಬಹಳ ಹೊತ್ತು ದಿಟ್ಟಿಸಿದರು. ಎಳ್ಳು ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಓ! ಇದು ಪೊಟ್ಟಣದ ಮನೆ, ಇದು ಚಮಚದ ಮನೆ, ಈ ಕಡೇದು ಚಿಟಿಕೆ ಮನೆ. ಪೊಟ್ಟಣ ಇಲ್ದಿದ್ರೆ ಅವನ ಮನೇಲಿ ಸೊನ್ನೆ ಕುಂತಿರ್ತದೆ. ಖಾಲಿ ಬುಟ್ರೆ ಚಮಚದೋನು ಬಂದು ಸೇರ್ಕೊಂಬುಡ್ತಾನೆ. ಅಂಗೇ ತಾನೇ?"

ಹಾಗೇ, ಅಂದೆ. ಹುರಿಯುವವಳು ಬಾಣಲೆ ಬಿಟ್ಟು ಬಂದು, "ನಂಗೂ ತೋರ್ಸಿ ದೊಡ್ಡಮ್ಮ" ಅಂದಳು. ಆ ಕಡೆ ಎಳ್ಳು ಸೀಯುತ್ತಿದ್ದುದು ಅಂದು ಅವಳ ಮೂಗಿಗೂ ಬೀಳಲಿಲ್ಲ.

ಎರಡು ಸಲದ ಗೊಜ್ಜು ಒಂದೇ ಥರ ಬಂತು, ಬೆಂಗಳೂರಿಗೆ ಹೋಯಿತು. ಮೂರನೆಯದನ್ನು ಮಾಡುವಾಗ ಕಣ್ಣಾರೆ ನೋಡಬೇಕು ಅಂತ ಆ ಕಂಪನಿಯಿಂದಲೇ ಒಬ್ಬ ಹೆಂಗಸು ಬಂದರು. ಹತ್ತಿ ಸೀರೆ, ಬೋಳು ಕೈ. ನಲ್ಲಿಯ ಹತ್ತಿರ ಹೋಗಿ ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆದದ್ದು ನೋಡಿಯೇ ನನಗೆ ಭಯವಾಯಿತು. ದೊಡ್ಡಮ್ಮ ತೂಗಿದರು, ದುರ್ಬೀನು ಹಿಡಿದರು, ತಳವನ್ನು ಚಪ್ಪಟೆ ಮರದ ಸೌಟಿನಿಂದ ಕೆರೆಯುತ್ತಾ ಅದು ಎಲ್ಲಿ ತಡೆಯುತ್ತದೆ ಅಂತ ಕೈಯಲ್ಲೇ ನೋಡಿಕೊಂಡರು. ಗೊಜ್ಜು ಮುಗಿಯಿತು. ಬಟ್ಟಲನ್ನು ದೇವರಿಗೆ ತೋರಿಸಿದರು.

ಬಂದವರು ಆ ಬಟ್ಟಲನ್ನೇ ದೊಡ್ಡಮ್ಮನ ಕಡೆ ಚಾಚಿದರು. "ನೀವು ರುಚಿ ನೋಡಿ ಹೇಳಿ. ಇದು ನಿಮಗೆ ಒಪ್ಪಿಗೆಯಾ?"

ನಾನು ಮುಂದೆ ಬಂದೆ. "ನಮ್ಮಲ್ಲಿ ರುಚಿ ನೋಡೋರು ಬೇರೆ..."

"ಅದು ಗೊತ್ತು. ಆದರೂ ಇವರದ್ದೇ ಗೊಜ್ಜಲ್ಲವಾ? ಇವರ ಬಾಯಲ್ಲೇ ಕೇಳಬೇಕು ನನಗೆ."

ಮಾಲೀಕರು ನಗುತ್ತಾ, "ಹೇಳಿ ದೊಡ್ಡಮ್ಮ, ನಾಚಿಕೆ ಯಾಕೆ" ಅಂದರು.  ಒಂದೇ ಮಾತು, 'ಸರಿಗೈತೆ' ಅಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಗೊಜ್ಜು ನಿಜವಾಗಿ ಸರಿಯಾಗಿತ್ತು. ತೂಕವನ್ನೂ ದುರ್ಬೀನಿನ ಗೆರೆಯನ್ನೂ ನಾನು ನೋಡಿದ್ದೆ.

"ನಂಗೆ ರುಚಿ ಗೊತ್ತಾಗಾಕಿಲ್ಲ ಮೇಡಮ್," ಅಂದರು ದೊಡ್ಡಮ್ಮ. "ಮೂಗೂ ಇಲ್ಲ, ನಾಲ್ಗೇನೂ ಇಲ್ಲ. ಜ್ವರದಾಗ್ ಓಯ್ತು."

ಮಾಲೀಕರ ನಗು ಮುಖದ ಮೇಲೆಯೇ ನಿಂತುಬಿಟ್ಟಿತು. ಬಾಟಲಿ ಜೋಡಿಸುತ್ತಿದ್ದವರ ಕೈ ನಿಂತಿತು.  ಇನ್ನೂ ಸ್ವಲ್ಪ ದಿನ ಮುಚ್ಚಿಡುತ್ತಾರೆ ಅಂತ ನಾನೇ ಅಂದುಕೊಂಡಿದ್ದೆ. ಹೀಗೆ, ಇಷ್ಟು ಜನರೆದುರು, ಇಂಥ ದಿನ ಹೇಳಿಬಿಡುತ್ತಾರೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

"ನಾನ್ ಸುಳ್ಳೇಳ್ಕೊಂಡೇ ವರ್ಸಗಟ್ಲೆ ಮಾಡ್ದೆ," ಅವರೇ ಮುಂದುವರಿಸಿದರು. "ಈಗ ಬ್ಯಾಡ. ತೂಕ ಐತೆ. ಬಿಸಿ ನೋಡಾಕೆ ಕಡ್ಡಿ ಐತೆ. ದುರ್ಬೀನೈತೆ. ಬಾಯಿಗೆ ಇವ್ರಿಬ್ರವ್ರೆ. ಬೇಕಾರೆ ನೀವೇ ನೋಡಿ."

 ಬಂದವರು ತಮ್ಮ ಚೀಲದಿಂದ ನಾವು ಹಿಂದೆ ಕಳಿಸಿದ್ದ ಎರಡು ಬಾಟಲಿ ತೆಗೆದು, ಹೊಸದು ಆರುವ ತನಕ ಕಾದು ಅದನ್ನೂ ಸೇರಿಸಿ, ಮೂರು ಒಂದೇ ಥರದ ಬಟ್ಟಲಿಗೆ ಹಾಕಿಸಿ, ಬೆನ್ನು ತಿರುಗಿಸಿ ನಿಂತರು. ಅದಲು ಬದಲು ಮಾಡಿ ಇಡಲು ಹೇಳಿದರು. ಆಮೇಲೆ ತಿರುಗಿ, ಒಂದೊಂದಕ್ಕೂ ಮಧ್ಯೆ ನೀರು ಕುಡಿಯುತ್ತಾ ರುಚಿ ನೋಡಿದರು. ಮತ್ತೊಂದು ಸುತ್ತು. ಮತ್ತೊಂದು.

"ಇವತ್ತಿನದ್ದು ಯಾವುದು?" ಅಂತ ನನ್ನನ್ನು ಕೇಳಿದರು. ನಾನು ತೋರಿಸಿದೆ. ತಲೆಯಾಡಿಸಿದರು. "ನಾನು ಬೇರೆಯದನ್ನ ಅಂದುಕೊಂಡಿದ್ದೆ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ನೀವು ರಜಾ ಹಾಕಿದ ದಿನ ಯಾರು ಮಾಡ್ತಾರೆ?"

"ಇವ್ಳು ಮಾಡ್ತಾಳೆ," ಹುರಿಯುವವಳನ್ನು ತೋರಿಸಿದರು ದೊಡ್ಡಮ್ಮ. "ಚುಕ್ಕೆ ಕಲ್ತವ್ಳೆ."

ಅವರು ಹೋದ ಮೇಲೆ ಮಾಲೀಕರು ಗೇಟಿನ ಹತ್ತಿರವೇ ಬಹಳ ಹೊತ್ತು ನಿಂತಿದ್ದರು. ಒಳಗೆ ಬಂದು, ದೊಡ್ಡಮ್ಮನನ್ನು ನೋಡದೆ ನನ್ನನ್ನು ನೋಡಿ ಹೇಳಿದರು. "ಬಾಟಲಿ ಮೇಲೆಲ್ಲ ಕೈರುಚಿ, ಕೈರುಚಿ ಅಂತ ಅಚ್ಚು ಹಾಕ್ಸಿದೀನಲ್ರೀ!" ಅಷ್ಟು ಹೇಳಿ ಹೊರಟುಹೋದರು. ಸಿಟ್ಟೋ ದುಃಖವೋ ತಿಳಿಯಲಿಲ್ಲ. ಕಂಪನಿಯವರ ಒಪ್ಪಿಗೆ ಕೆಲವು ದಿನ ಬಿಟ್ಟು ಬಂತು, ನಾವು ಆಸೆಪಟ್ಟದ್ದರ ಅರ್ಧಕ್ಕೆ. ಅಷ್ಟೂ ದಿನ ಮಾಲೀಕರು ದೊಡ್ಡಮ್ಮನ ಹತ್ತಿರ ಒಂದು ಮಾತೂ ಆಡಲಿಲ್ಲ. ಒಪ್ಪಿಗೆ ಬಂದ ಮಾರನೆಯ ಬೆಳಿಗ್ಗೆ ಬಡಗಿಯೊಬ್ಬನನ್ನು ಕರೆತಂದು, ದೊಡ್ಡಮ್ಮ ಬಗ್ಗದೆ ತೂಗುವ ಹಾಗೆ, ದೊಡ್ಡ ಒಲೆಯ ಬಲಕ್ಕೆ ತಕ್ಕಡಿಗೊಂದು ಎತ್ತರದ ಮೇಜು ಮಾಡಿಸಿದರು. ಹುಣಸೆ ಬೀಜದ ಮಾತು ಮತ್ತೆ ಬರಲಿಲ್ಲ.

ಅವತ್ತು ಬಾಟಲಿಗಳ ಮುಚ್ಚಳ ಬಿಗಿದಾದ ಮೇಲೆ, ಎಲ್ಲರೂ ಕೈ ತೊಳೆಯಲು ಹೋಗಿದ್ದಾಗ, ದೊಡ್ಡಮ್ಮ ಬಟ್ಟಲಿನಲ್ಲಿ ಉಳಿದಿದ್ದ ಗೊಜ್ಜನ್ನು ನನ್ನ ಮುಂದೆ ಇಟ್ಟರು.

"ತಿನ್ನಿ. ತಿಂದು ನಂಗ್ ಯೋಳಿ."

"ಏನು ಹೇಳಲಿ? ಚೆನ್ನಾಗಿದೆ ದೊಡ್ಡಮ್ಮ."

"ಚೆನ್ನಾಗೈತೆ ಅಂತ ನಾನೂ ಅಂತಿದ್ದೆ. ಅದ್ ಬ್ಯಾಡ. ಬಾಯಿಗಿಟ್ ತಕ್ಷಣ ಏನ್ ಬತ್ತದೆ?"

ಬಾಯಿಗಿಟ್ಟುಕೊಂಡೆ. ಇಷ್ಟು ವರ್ಷ ತಿಂದ ಗೊಜ್ಜಿಗೆ ನನ್ನ ಹತ್ತಿರ ಮಾತುಗಳೇ ಇರಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ತಡವರಿಸಿದೆ. "ಮೊದಲು ಹುಳಿ. ಚೂಪಾಗಿಲ್ಲ, ಮೆತ್ತಗೆ. ಅದರ ಹಿಂದೆಯೇ ಬೆಲ್ಲ."

"ಆಮ್ಯಾಕೆ?"

"ಖಾರ ತಡವಾಗಿ, ಗಂಟಲಲ್ಲಿ. ಎಳ್ಳು, ಕೊಬ್ಬರಿ... ನುಂಗಿದ ಮೇಲೆ ಒಂದು ಸಣ್ಣ ಕಹಿ ಉಳಿಯುತ್ತೆ. ಕೆಟ್ಟ ಕಹಿಯಲ್ಲ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಕತ್ತು ಸ್ವಲ್ಪ ಓರೆಯಾಗಿತ್ತು, ದೂರದ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. ತುಟಿ ಅಲ್ಲಾಡುತ್ತಿತ್ತು. ನಾನು ಹೇಳಿದ್ದನ್ನು ಒಂದೊಂದಾಗಿ ಬಾಯಲ್ಲಿ ಇಟ್ಟು ನೋಡುತ್ತಿದ್ದರೇನೋ. 

"ಎಷ್ಟೊತ್ ಉಳೀತದೆ ಕಹಿ?"

"ಇನ್ನೂ ಇದೆ."

"ಮೆಂತ್ಯ ಮುಂದಾಗೈತೆ," ಅಂದರು ಕಣ್ಣು ಬಿಟ್ಟು. "ಉಳೀಬಾರ್ದು ಅದು. ಬಂದು ಓಗ್ಬೇಕು."

 "ಅಯ್ಯೋ, ಈಗ ಒಂದು ಗ್ರಾಮೂ ಬದಲಾಯಿಸೋ ಹಾಗಿಲ್ಲ ದೊಡ್ಡಮ್ಮ! ಒಪ್ಪಿಗೆ ಆಗಿಹೋಗಿದೆ!"

"ಅವ್ರದ್ ಅವ್ರಿಗೇ ಇರ್ಲಿ ಬುಡಿ ಕಣಮ್ಮ." ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ, ಸಣ್ಣ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟರು. ಬೆಂಕಿಕಡ್ಡಿ ಗೀರಿದರು. "ಈ ಪಾತ್ರೆಗೆ ಮೆಂತ್ಯ ಹತ್ತಲ್ಲ, ಎಂಟೇ ಗ್ರಾಂ ತೂಗಿ ಕೊಡಿ. ಮಾಡ್ತೀನಿ. ನೀವ್ ತಿಂದು ಯೋಳೋರಂತೆ."